ಸ್ನಾನದ ನೀರಿಗೆ ಸೋಲಾರ್ ಇದೆ, ಕುಡಿಯುವ ನೀರಿಗೆ ಯಾಕಿಲ್ಲ? ಪುಣೆಯ ಬಿಲ್ಡರ್‌ಗಳಿಗೂ ನಮ್ಮ ಲೇಬರ್ ಕಾಂಟ್ರ್ಯಾಕ್ಟರ್‌ಗಳಿಗೂ ಒಂದು ಬಹಿರಂಗ ಪತ್ರ

ಪುಣೆಯ ಬಿಲ್ಡರ್ ಸಾಹೇಬರಿಗೆ, ಅವರ ಸೈಟಿಗೆ ಆಳು ತರುವ ನಮ್ಮ ಕಡೆಯ ಲೇಬರ್ ಕಾಂಟ್ರ್ಯಾಕ್ಟರ್‌ಗಳಿಗೆ, ಆಳುಗಳ ಮೇಸ್ತ್ರಿಗಳಾದ ಮುಕಾದಮರಿಗೆ, ಮತ್ತು ಯಾರಾದರೂ ಮರಾಠಿಯಲ್ಲಿ ಓದಿ ಹೇಳಿದರೆ ಪಾಲಿಕೆ ಆಯುಕ್ತರಿಗೂ,

ನಮಸ್ಕಾರ.

ನಾನು ಸೋಲಾರ್ ವಾಟರ್ ಹೀಟರ್ ಫಿಟ್ಟರ್. ಊರು ಇಂಡಿ ತಾಲೂಕು, ಇರುವುದು ಪುಣೆಯ ಧಾಯರಿಯಲ್ಲಿ. ನೀವು ಕಟ್ಟಿಸಿದ ಟವರ್‌ಗಳ ಟೆರೇಸಿನಲ್ಲಿ ಕಪ್ಪು ಗಾಜಿನ ಟ್ಯೂಬುಗಳು ಸಾಲಾಗಿ ಓರೆಯಾಗಿ ನಿಂತಿರುತ್ತವಲ್ಲ, ಮೇಲೊಂದು ಉದ್ದನೆಯ ಟ್ಯಾಂಕು, ಅವನ್ನು ಕೂರಿಸಿ, ಪೈಪು ಜೋಡಿಸಿ, ಸೋರಿದರೆ ಮತ್ತೆ ಬಂದು ವಾಷರ್ ಬದಲಿಸಿ ಹೋಗುವುದು ನನ್ನ ಕೆಲಸ. ಟೆರೇಸೂ ಗೊತ್ತು, ಕೆಳಗಿನ ಲೇಬರ್ ಕ್ಯಾಂಪೂ ಗೊತ್ತು. ಮೇಲೆ ಹತ್ತುವ ಮೊದಲು ಚಹಾ ಸಿಗುವುದು ಕ್ಯಾಂಪಿನಲ್ಲೇ.

ಸುತ್ತು ಬಳಸದೆ ಹೇಳಿಬಿಡುತ್ತೇನೆ. ಟೆರೇಸಿನಲ್ಲಿ ಸ್ನಾನದ ನೀರನ್ನು ಬಿಸಿಲು ಪುಕ್ಕಟೆಯಾಗಿ 60 ಡಿಗ್ರಿಗೆ ಕಾಯಿಸುತ್ತದೆ. ಆ ಕಟ್ಟಡ ಕಟ್ಟಿದವರು ಕೆಳಗೆ ತಗಡಿನ ಶೆಡ್ಡಿನಲ್ಲಿ ಟ್ಯಾಂಕರ್ ನೀರನ್ನು ಹಾಗೇ ಕುಡಿಯುತ್ತಾರೆ. ಕಾಲರಾ, ಟೈಫಾಯ್ಡ್, ಕಾಮಾಲೆ ತರುವ ಕ್ರಿಮಿಗಳು ಸಾಯಲು ಬೇಕಾಗಿರುವುದು 65 ಡಿಗ್ರಿ. ಐದೇ ಡಿಗ್ರಿ ಹೆಚ್ಚು. ನನ್ನ ಬೇಡಿಕೆ ಒಂದೇ: ಸೈಟಿನಲ್ಲಿ ಶೆಡ್ಡು ಎದ್ದ ವಾರವೇ, ಕಟ್ಟಡದ ಪಾಯ ತೋಡುವ ಮೊದಲೇ, ಕ್ಯಾಂಪಿಗೆ ಕುಡಿಯುವ ನೀರು ಕಾಯಿಸುವ ಸೋಲಾರ್ ಕೂರಿಸಿ. ಕಟ್ಟಡಕ್ಕೆ ಹೇಗೂ ಕೊನೆಗೆ ಡಜನ್‌ಗಟ್ಟಲೆ ತರಿಸುತ್ತೀರಿ. ಒಂದೆರಡನ್ನು ಮೊದಲೇ ತರಿಸಿ, ಕ್ಯಾಂಪಿನಲ್ಲಿಡಿ, ಸೈಟು ಮುಗಿದ ಮೇಲೆ ಮುಂದಿನ ಸೈಟಿಗೆ ಒಯ್ಯಿರಿ. ಲಿಫ್ಟು, ಮಿಕ್ಸರ್, ಸ್ಕಾಫೋಲ್ಡಿಂಗ್ ಎಲ್ಲ ಹೀಗೇ ಒಂದು ಸೈಟಿನಿಂದ ಇನ್ನೊಂದಕ್ಕೆ ಹೋಗುತ್ತವೆ ಅಲ್ವಾ.

ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ಪುಣೆಯ ಸುತ್ತಮುತ್ತಲಿನ ಎಷ್ಟೋ ಕ್ಯಾಂಪುಗಳಲ್ಲಿ ಆಳುಗಳೂ ನಮ್ಮವರೇ, ಅವರನ್ನು ಕರೆತಂದ ಮುಕಾದಮನೂ ನಮ್ಮವನೇ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ಬಿಲ್ಡರ್ ಸಾಹೇಬರು ಈ ಪತ್ರ ಓದುತ್ತಾರೋ ಇಲ್ಲವೋ, ಮುಕಾದಮ ಓದುತ್ತಾನೆ. ಅವನೇ ಟ್ಯಾಂಕರಿಗೆ ಫೋನ್ ಮಾಡುವವನು.

ಟ್ಯಾಂಕರ್ ಬಂದಾಗ ಏನಾಗುತ್ತದೆ ಅಂತ ಒಮ್ಮೆ ನಿಂತು ನೋಡಿ. ಡ್ರೈವರ್ ಹಿಂದಿನಿಂದ ಪೈಪು ಎಳೆದು ಕೆಳಗೆ ಬಿಸಾಕುತ್ತಾನೆ. ಪೈಪಿನ ಬಾಯಿ ಕೆಸರಿನಲ್ಲಿ ಬಿದ್ದಿರುತ್ತದೆ. ಅದನ್ನೇ ಎತ್ತಿ ನೀಲಿ ಡ್ರಮ್ಮಿಗೆ ಬಿಡುತ್ತಾರೆ. ಆ ಡ್ರಮ್ಮಿನಲ್ಲಿ ಮೊದಲು ಯಾವ ಕೆಮಿಕಲ್ ಇತ್ತೋ ದೇವರಿಗೇ ಗೊತ್ತು. ಡ್ರಮ್ಮಿಗೆ ಮುಚ್ಚಳ ಇರುವುದಿಲ್ಲ, ಮುಚ್ಚಳದ ಬದಲು ಪ್ಲೈವುಡ್ ತುಂಡು, ಅದರ ಮೇಲೊಂದು ಹಿಡಿ ಮುರಿದ ಮಗ್ಗು. ಮಗು ಬಯಲಿಗೆ ಹೋಗಿ ಬಂದು ಅದೇ ಮಗ್ಗನ್ನು ಮೊಣಕೈವರೆಗೂ ಮುಳುಗಿಸಿ ನೀರು ತೆಗೆಯುತ್ತದೆ. ಕುಡಿಯಲೂ ಅದೇ, ಹಿಟ್ಟು ನಾದಲೂ ಅದೇ.

ಕಾಯಿಸಿ ಕುಡಿಯಬಾರದೇ ಅಂತ ಕೇಳುವುದು ಸುಲಭ. ಸುರಪುರದ ಕಡೆಯ ಒಬ್ಬ ಅಕ್ಕ ನನಗೆ ಹೇಳಿದ ಮಾತು ಕೇಳಿ: "ಕಾಸೂದೇನೋ ಕಾಸಬಹುದಣ್ಣಾ, ಗ್ಯಾಸ್ ಯಾರ ಕೊಡ್ತಾರ? ಅನ್ನಕ್ಕ ಸಾಲೂದಿಲ್ಲ, ನೀರಿಗೆಲ್ಲಿಂದ ತರ್ಲಿ?" ಲೆಕ್ಕ ಹಾಕಿ ನೋಡಿದೆ. ಒಂದು ಸಂಸಾರಕ್ಕೆ ದಿನಕ್ಕೆ 20 ಲೀಟರ್ ಕುದಿಸಬೇಕು ಅಂದರೆ ಹತ್ತಿರ ಹತ್ತಿರ ಕಾಲು ಕೆಜಿ ಗ್ಯಾಸು. 5 ಕೆಜಿಯ ಚಿಕ್ಕ ಸಿಲಿಂಡರು ಬರೀ ನೀರಿಗೇ ಮೂರು ವಾರದಲ್ಲಿ ಖಾಲಿ. ಕೂಲಿಗೆ ಹೋಗುವವಳಿಗೆ ಸಂಜೆ ಇಷ್ಟು ನೀರು ಕುದಿಸಿ, ಆರಿಸಿ, ತುಂಬಿಡುವ ಪುರಸೊತ್ತು ಎಲ್ಲಿದೆ?

ಈಗ ಆ 65 ಡಿಗ್ರಿಯ ಮಾತು. ನೀರು ಕುದ್ದರೇ ಶುದ್ಧ ಅಂತ ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ತಪ್ಪೇನಲ್ಲ. ಕುದಿಯುವುದು ಕಣ್ಣಿಗೆ ಕಾಣುತ್ತದೆ, ಥರ್ಮಾಮೀಟರ್ ಬೇಕಾಗಿಲ್ಲ, ಅದಕ್ಕೆ ಹಾಗೆ ಹೇಳುತ್ತಾರೆ. ಆದರೆ ಕ್ರಿಮಿಗಳು 100 ಡಿಗ್ರಿ ಬರುವವರೆಗೆ ಕಾಯುತ್ತಾ ಕೂರುವುದಿಲ್ಲ. ಅಮೀಬಾ, ಜಿಯಾರ್ಡಿಯಾ ತರದವು 55 ಡಿಗ್ರಿಯ ಹೊತ್ತಿಗೇ ಸಾಯತೊಡಗುತ್ತವೆ. ಕಾಲರಾ, ಟೈಫಾಯ್ಡ್, ರಕ್ತಭೇದಿಯ ಬ್ಯಾಕ್ಟೀರಿಯಾ, ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ಎಲ್ಲ 60ರ ಆಸುಪಾಸು. ಕಾಮಾಲೆಯ ಹೆಪಟೈಟಿಸ್ ಎ ವೈರಸ್ ಸ್ವಲ್ಪ ಗಟ್ಟಿ, ಅದಕ್ಕೆ 65 ಬೇಕು. 65 ಡಿಗ್ರಿಯಲ್ಲಿ ಆರು ನಿಮಿಷ ಇದ್ದರೆ ನೀರು ಕುಡಿಯಲು ಯೋಗ್ಯ. ಡೇರಿಯವರು ಹಾಲನ್ನು ಪಾಶ್ಚರೀಕರಿಸುವುದೂ ಕುದಿಸಿ ಅಲ್ಲ, 72 ಡಿಗ್ರಿಯಲ್ಲಿ 15 ಸೆಕೆಂಡು ಇಟ್ಟು ತಣ್ಣಗೆ ಮಾಡುತ್ತಾರೆ.

ಇದು ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ರಾಬರ್ಟ್ ಮೆಟ್ಕಾಫ್ ಅಂತ ಒಬ್ಬ ಮೈಕ್ರೋಬಯಾಲಜಿ ಪ್ರೊಫೆಸರು ಮತ್ತು ಅವರ ವಿದ್ಯಾರ್ಥಿ ಡೇವಿಡ್ ಚೊಚೆಟ್ಟಿ, ಸೋಲಾರ್ ಬಾಕ್ಸ್ ಕುಕ್ಕರಿನಲ್ಲಿ ಕಲುಷಿತ ನೀರಿಟ್ಟು ಪರೀಕ್ಷೆ ಮಾಡಿ 1984ರಲ್ಲೇ ಇದನ್ನು ಪ್ರಕಟಿಸಿದರು. ನಲವತ್ತು ವರ್ಷದ ಹಳೆಯ ಸಂಗತಿ. ಆಮೇಲೆ ನೀರು ಅಷ್ಟು ಬಿಸಿಯಾಯಿತೋ ಇಲ್ಲವೋ ತಿಳಿಯಲು ಬೇರೆ ಸಂಶೋಧಕರು ಒಂದು ಚಿಕ್ಕ ಸಾಧನವನ್ನೂ ಮಾಡಿದರು. ಬೆರಳುದ್ದದ ಪಾರದರ್ಶಕ ನಳಿಕೆ, ಒಳಗೆ ಸೋಯಾ ಮೇಣದ ಒಂದು ಚೂರು, ಎರಡೂ ಕಡೆ ಸೀಲು. ಮೇಣ ಮೇಲಿರುವಂತೆ ನಳಿಕೆಯನ್ನು ದಾರದಲ್ಲಿ ಕಟ್ಟಿ ಪಾತ್ರೆಯ ತಳಕ್ಕೆ ಇಳಿಬಿಡುವುದು. 70 ಡಿಗ್ರಿಯ ಹತ್ತಿರ ಮೇಣ ಕರಗಿ ಕೆಳಗಿಳಿಯುತ್ತದೆ. ಸಂಜೆ ಎತ್ತಿ ನೋಡಿದಾಗ ಮೇಣ ಕೆಳಗಿದ್ದರೆ ಕುಡಿಯಿರಿ, ಮೇಲೇ ಇದ್ದರೆ ಬೇಡ. ಓದು ಬರದವರಿಗೂ ತಿಳಿಯುತ್ತದೆ, ಬ್ಯಾಟರಿ ಬೇಡ, ತಿರುಗಿಸಿ ನಾಳೆ ಮತ್ತೆ ಬಳಸಬಹುದು. ಎಂಥ ಚಂದದ ಕೆಲಸ ನೋಡಿ! ಇಲ್ಲಿ ಅದು ಸಿಗದಿದ್ದರೆ ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ಆದರೂ ಸಾಕು, ಕೆಲವು ನೂರು ರೂಪಾಯಿ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ಈಗ ಟೆರೇಸಿನಲ್ಲಿರುವ ಹೀಟರಿನ ನೀರನ್ನು ನಾಳೆಯಿಂದ ಕುಡಿಯಲು ಶುರು ಮಾಡಬೇಡಿ. ನಾನೇ ಕೂರಿಸುವವನು, ನಾನೇ ಹೇಳುತ್ತಿದ್ದೇನೆ. ಆ ಸಿಸ್ಟಮ್ ಸ್ನಾನಕ್ಕೆ ಅಂತ ಮಾಡಿದ್ದು. ನೀವು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಕೆಳಗಿನಿಂದ ತಣ್ಣೀರು ಟ್ಯಾಂಕಿಗೆ ನುಗ್ಗಿ ಮೇಲಿನ ಬಿಸಿನೀರನ್ನು ಹೊರಗೆ ತಳ್ಳುತ್ತದೆ. ಅದು ನಡೆಯುವುದೇ ಹಾಗೆ. ಹಾಗಾಗಿ ಬಂದ ನೀರು ಪೂರಾ ಕಾದದ್ದೋ, ಅರ್ಧ ಬೆರೆತದ್ದೋ ಹೇಳಲಾಗುವುದಿಲ್ಲ. ಉಗುರುಬೆಚ್ಚಗಿನ ನೀರಂತೂ ತಣ್ಣೀರಿಗಿಂತ ಕೆಟ್ಟದ್ದು, ಆ ಬಿಸಿಯಲ್ಲಿ ಕ್ರಿಮಿಗಳು ಇನ್ನೂ ಹುರುಪಿನಿಂದ ಬೆಳೆಯುತ್ತವೆ. ಜೊತೆಗೆ 100 ಲೀಟರಿಗೆ 10 ಟ್ಯೂಬು ಅಂತ ಕೂರಿಸುತ್ತೇವಲ್ಲ, ಅದರ ಲೆಕ್ಕವೇ 60 ಡಿಗ್ರಿಯ ಆಸುಪಾಸಿನದು, ಚಳಿಗಾಲದಲ್ಲಿ ಅಷ್ಟೂ ಬರುವುದಿಲ್ಲ.

ಕುಡಿಯುವ ನೀರಿಗೆ ಮಾಡಬೇಕಾದ ಬದಲಾವಣೆ ದೊಡ್ಡದೇನಲ್ಲ, ಫಿಟಿಂಗ್ ಗೊತ್ತಿರುವವರು ಕೇಳಿ. 100 ಲೀಟರ್ ಟ್ಯಾಂಕಿಗೆ 10 ಟ್ಯೂಬಿನ ಬದಲು 15 ಅಥವಾ 20 ಟ್ಯೂಬು ಹಾಕಿ. ಒಳಗಿನ ಟ್ಯಾಂಕು ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಬೆಳಿಗ್ಗೆ ಬಿಸಿಲು ಟ್ಯೂಬಿಗೆ ತಾಗುವ ಮೊದಲೇ ಟ್ಯಾಂಕು ತುಂಬಿಸಿ ಒಳಬರುವ ವಾಲ್ವ್ ಬಂದ್ ಮಾಡಿ. ಬಿಸಿಲು ಏರಿದ ಮೇಲೆ ಒಣಗಿದ ಟ್ಯೂಬಿಗೆ ತಣ್ಣೀರು ಬಿಟ್ಟರೆ ಟಪ್ ಅಂತ ಒಡೆಯುತ್ತದೆ, ಅದನ್ನು ಎಲ್ಲ ಫಿಟ್ಟರೂ ಒಮ್ಮೆಯಾದರೂ ನೋಡಿರುತ್ತಾನೆ. ದಿನವಿಡೀ ಒಂದು ಹನಿಯೂ ತೆಗೆಯಬಾರದು. ನಾಲ್ಕು ಗಂಟೆ ಹೊತ್ತಿಗೆ ಟ್ಯಾಂಕಿನ ತಳದ ಬಿಸಿ ನೋಡಿ. ಮೇಲಿನದಲ್ಲ, ತಳದ್ದು. ಬಿಸಿನೀರು ಮೇಲೆ ಹೋಗಿ ಕೂರುತ್ತದೆ, ಮೇಲೆ ಮುಟ್ಟಿ ನೋಡಿದರೆ ಮೋಸ ಹೋಗುತ್ತೀರಿ. ತಳದಲ್ಲಿ 70 ತೋರಿಸಿದರೆ ಆಗ ನಲ್ಲಿ ಬಿಡಿ. ನಲ್ಲಿಯೂ ಟ್ಯಾಂಕಿನ ಕೆಳಭಾಗದಿಂದಲೇ ಬರಲಿ, ಏರ್ ವೆಂಟ್ ತೆರೆದಿರಲಿ. ಆಗ ತಣ್ಣೀರು ಬೆರೆಯದೆ, ಕಾದ ನೀರಷ್ಟೇ ತಾನಾಗಿ ಇಳಿಯುತ್ತದೆ. ಮುಖ ದಕ್ಷಿಣಕ್ಕಿರಲಿ, ಹತ್ತಿರದ ಕಟ್ಟಡದ ನೆರಳು ಬೀಳದಿರಲಿ. ಬೋರಿನ ಗಡಸು ನೀರಾದರೆ ಟ್ಯೂಬಿನ ತಳದಲ್ಲಿ ಬಿಳಿ ಪುಡಿ ಕೂರುತ್ತದೆ, ಆರು ತಿಂಗಳಿಗೊಮ್ಮೆ ತೊಳೆಯಬೇಕು.

ಬಿಸಿಲಲ್ಲಿ ಸ್ಲ್ಯಾಬಿನ ಮೇಲೆ ದುಡಿಯುವ ಆಳು ದಿನಕ್ಕೆ ಮೂರ್ನಾಲ್ಕು ಲೀಟರ್ ಕುಡಿಯುತ್ತಾನೆ. 100 ಲೀಟರ್ ಅಂದರೆ ಇಪ್ಪತ್ತೈದು ಮೂವತ್ತು ಜನ. ಒಂದು ಸಿಸ್ಟಮಿಗೆ ಹದಿನೈದಿಪ್ಪತ್ತು ಸಾವಿರದ ಆಸುಪಾಸು, ಟ್ಯೂಬು ಜಾಸ್ತಿ ಹಾಕಿದರೆ ಇನ್ನೊಂದಿಷ್ಟು. ನಿಮ್ಮ ಸ್ಯಾಂಪಲ್ ಫ್ಲಾಟಿನ ಒಂದು ಜೋಡಿ ಪರದೆಗೆ ಎಷ್ಟಾಗುತ್ತದೆ ಅಂತ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಕಾದ ನೀರನ್ನು ಮತ್ತೆ ಅದೇ ನೀಲಿ ಡ್ರಮ್ಮಿಗೆ ಸುರಿದರೆ ಇಷ್ಟೆಲ್ಲ ಮಾಡಿದ್ದು ನೀರುಪಾಲು. ಬಿಸಿಲು ಕ್ಲೋರಿನ್ ತರ ನೀರಿನಲ್ಲಿ ಉಳಿಯುವುದಿಲ್ಲ. ಒಂದು ಕೊಳಕು ಕೈ ಮುಳುಗಿದರೆ ಮತ್ತೆ ಮೊದಲಿನಂತೆಯೇ. ಮುಚ್ಚಳ ಇರುವ, ಕೆಳಗೆ ನಲ್ಲಿ ಇರುವ ಸ್ಟೀಲ್ ಜಾರಿಗೆ ಬಿಸಿಯಾಗಿರುವಾಗಲೇ ತುಂಬಿಸಿ, ಮುಚ್ಚಿ, ರಾತ್ರಿಯೆಲ್ಲ ಆರಲು ಬಿಡಿ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಹೊತ್ತಿಗೆ ತಣ್ಣಗಿರುತ್ತದೆ. ಮಗ್ಗು ಮುಳುಗಿಸುವ ಮಾತೇ ಬೇಡ.

ಇಷ್ಟು ಹೊತ್ತಿಗೆ ಯಾರಾದರೂ ಅಂದೇ ಅನ್ನುತ್ತೀರಿ: "ನಾವು 20 ಲೀಟರ್ ಜಾರ್ ತರಿಸ್ತೀವಿ, ಆರ್‌ಓ ನೀರು, ಇದೆಲ್ಲ ಯಾಕೆ?" 2025ರ ಜನವರಿ ನೆನಪಿದೆಯಾ? ನಮ್ಮ ಸಿಂಹಗಡ ರೋಡಿನ ಬೆಲ್ಟಿನಲ್ಲೇ, ಕಿರ್ಕಟ್‌ವಾಡಿ, ನಾಂದೇಡ್ ಗಾಂವ್, ಧಾಯರಿ, ಇಲ್ಲೇ ಗಿಯಾನ್ ಬಾರೆ ಸಿಂಡ್ರೋಮ್ ಶುರುವಾಗಿದ್ದು. ಜಿಬಿಎಸ್ ಅಂತ ಮೂರಕ್ಷರದಲ್ಲಿ ಎಲ್ಲರ ಬಾಯಲ್ಲೂ ಬಂತು. ಇಂದು ನಡೆದಾಡುವ ಮನುಷ್ಯನ ಕಾಲು ನಾಳೆ ಎತ್ತಲು ಬರುವುದಿಲ್ಲ, ಜಾಸ್ತಿಯಾದರೆ ಉಸಿರಾಟವೂ ನಿಂತು ವೆಂಟಿಲೇಟರ್ ಹಾಕಬೇಕು. ಪುಣೆಯ ಸುತ್ತಮುತ್ತ ಸುಮಾರು ಇನ್ನೂರು ಜನರಿಗೆ ಬಂತು. ರೋಗಿಗಳ ಮಲದ ಸ್ಯಾಂಪಲ್ಲಿನಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಅನ್ನುವ ಬ್ಯಾಕ್ಟೀರಿಯಾ, ನೊರೊವೈರಸ್ ಎರಡೂ ಸಿಕ್ಕವು. ನೀರಿನ ಮೇಲೇ ಎಲ್ಲರಿಗೂ ಗುಮಾನಿ. ಆಗ ಪಾಲಿಕೆಯವರು ಬಂದು ಬೀಗ ಹಾಕಿದ ಜಾಗಗಳಲ್ಲಿ ಖಾಸಗಿ ಆರ್‌ಓ ನೀರಿನ ಘಟಕಗಳೂ ಇದ್ದವು. ನೀವು ನಂಬಿಕೊಂಡ ಜಾರು ಬರುವುದು ಅಂಥ ಗಲ್ಲಿಯ ಘಟಕಗಳಿಂದಲೇ ಸ್ವಾಮಿ.

ಕ್ಯಾಂಪಿಲೋಬ್ಯಾಕ್ಟರ್ ಬಿಸಿಗೆ ಬಹಳ ಮೆತ್ತಗೆ. 60 ಡಿಗ್ರಿಯಲ್ಲಿ ನಿಮಿಷದೊಳಗೆ ಮುಗಿಯಿತು ಅದರ ಕಥೆ. ಮತ್ತೆ ಜನವರಿಯಲ್ಲಿ ಪುಣೆಯ ಆಕಾಶ ಹೇಗಿರುತ್ತದೆ? ಒಂದು ಮೋಡ ಇರುವುದಿಲ್ಲ. ಊರಿಗೆ ಊರೇ ಗಾಬರಿಯಾಗಿ ಜಾರಿಗೆ ಕ್ಯೂ ನಿಂತಿದ್ದಾಗ ಎಲ್ಲರ ಟೆರೇಸ್ ಮೇಲೂ ಸ್ನಾನದ ನೀರು ಸುಮ್ನೆ ಕಾಯುತ್ತಿತ್ತು.

ಇನ್ನೊಂದು ಮಾತು ಪಾಲಿಕೆಗೆ. ನಮ್ಮ ಈ ಬೆಲ್ಟಿನವೂ ಸೇರಿ ಪುಣೆಯ ಸುತ್ತಲಿನ ಊರುಗಳು 2017ರಲ್ಲಿ 11, 2021ರಲ್ಲಿ 23, ಹೀಗೆ ಎರಡು ಕಂತಿನಲ್ಲಿ ಪಾಲಿಕೆಯೊಳಗೆ ಬಂದವು. ಘರಪಟ್ಟಿ, ಅಂದರೆ ಮನೆ ತೆರಿಗೆ, ಬೇಗ ಬಂತು, ನೀರಿನ ಪೈಪು ನಿಧಾನಕ್ಕೆ ಬರುತ್ತಿದೆ. ಅಲ್ಲೇ ಹೊಸ ಟವರುಗಳು, ಅಲ್ಲೇ ಲೇಬರ್ ಕ್ಯಾಂಪುಗಳು, ಅಲ್ಲೇ ಟ್ಯಾಂಕರುಗಳು. ಪೈಪು ಬರುವವರೆಗೆ ಏನು ಕುಡಿಯಬೇಕು ಅನ್ನುವುದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ. ಟೆರೇಸಿನಲ್ಲಿ ಸೋಲಾರ್ ಇದ್ದರೆ ಘರಪಟ್ಟಿಯಲ್ಲಿ ರಿಯಾಯಿತಿ ಕೊಡುತ್ತೀರಿ, ಒಳ್ಳೆಯದು, ನನ್ನ ಹೊಟ್ಟೆ ತುಂಬುವುದೇ ಅದರಿಂದ. ಹಾಗೇ ಕಟ್ಟಡ ಶುರು ಮಾಡಲು ಪರವಾನಗಿ ಕೊಡುವಾಗ ಕ್ಯಾಂಪಿನ ಕುಡಿಯುವ ನೀರು ಎಲ್ಲಿ, ಹೇಗೆ ಶುದ್ಧ ಮಾಡುತ್ತೀರಿ ಅಂತ ಒಂದು ಕಾಲಂ ಇಡಿ. ನಿಮ್ಮ ಆರೋಗ್ಯ ಇಲಾಖೆಯವರು ಬಂದು ಒಂದು ಬಾಟಲಿ ಸ್ಯಾಂಪಲ್ ಒಯ್ಯಲಿ. ಟ್ಯಾಂಕರಿನವನು ನೀರು ಎಲ್ಲಿಂದ ತಂದ ಅಂತ ಚೀಟಿಯಲ್ಲಿ ಬರೆದು ಕೊಡಲಿ.

ಕಾನೂನು ಹೊಸದಾಗಿ ಮಾಡಬೇಕಾಗಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 32ನೇ ಸೆಕ್ಷನ್ ತೆಗೆದು ನೋಡಿ. ಕೆಲಸ ನಡೆಯುವ ಕಡೆ ಸಾಕಷ್ಟು ಶುದ್ಧ ಕುಡಿಯುವ ನೀರು ಕೊಡಬೇಕಾದ್ದು ಕೆಲಸ ಕೊಟ್ಟವನ ಜವಾಬ್ದಾರಿ. ಆ ಜಾಗ ಸಂಡಾಸು, ಮೂತ್ರಿಖಾನೆ, ತೊಳೆಯುವ ಜಾಗದಿಂದ 6 ಮೀಟರ್ ದೂರ ಇರಬೇಕು ಅಂತ ಅದರಲ್ಲಿತ್ತು. ಅಲ್ಲಿ "ಕುಡಿಯುವ ನೀರು" ಅಂತ ಬೋರ್ಡು ಇರಬೇಕು, ಅದೂ ಅಲ್ಲಿ ಕೆಲಸ ಮಾಡುವ ಹೆಚ್ಚಿನ ಜನಕ್ಕೆ ಅರ್ಥವಾಗುವ ಭಾಷೆಯಲ್ಲಿ ಅಂತಲೂ ಇತ್ತು. ಅಂದರೆ ನಮ್ಮ ಜನ ಜಾಸ್ತಿ ಇರುವ ಕ್ಯಾಂಪಿನಲ್ಲಿ ಕನ್ನಡದಲ್ಲಿ. ಪುಣೆಯಲ್ಲಿ ಅಂಥ ಬೋರ್ಡು ನಾನಂತೂ ಒಂದೂ ನೋಡಿಲ್ಲ. 2025ರ ನವೆಂಬರಿನಿಂದ ಆ ಕಾಯ್ದೆಯನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ ಅಂತ ವಕೀಲರೊಬ್ಬರು ಹೇಳಿದರು. ಸೇರಿಸಲಿ, ನೀರಂತೂ ಕೊಡಲೇಬೇಕಲ್ಲ.

ಮುಕಾದಮರೇ, ಈಗ ನಿಮ್ಮ ಹತ್ತಿರ. ಬಿಲ್ಡರು ಸೋಲಾರ್ ಕೊಡಿಸುವವರೆಗೆ ಕಾಯುತ್ತಾ ಕೂರುವುದು ಬೇಡ. ಪೈಸೆ ಖರ್ಚಿಲ್ಲದ ಇನ್ನೊಂದು ದಾರಿ ಇದೆ, ಅದಕ್ಕೆ ಬೇಕಾಗಿರುವುದು ತಗಡಿನ ಮಾಡು ಮತ್ತು ಖಾಲಿ ಬಾಟಲಿ. ಎರಡೂ ಕ್ಯಾಂಪಿನಲ್ಲಿ ಬೇಕಾದಷ್ಟಿವೆ.

ಇದು ಹುಟ್ಟಿದ್ದು ಲೆಬನಾನಿನಲ್ಲಿ. ಬೈರೂತಿನ ಅಮೆರಿಕನ್ ಯೂನಿವರ್ಸಿಟಿಯ ಆಫ್ತಿಮ್ ಆಕ್ರಾ ಅನ್ನುವವರು, ಅಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಭೇದಿಯಾದ ಮಕ್ಕಳಿಗೆ ಕುಡಿಸುವ ಉಪ್ಪು ಸಕ್ಕರೆ ನೀರನ್ನು ಬಿಸಿಲಿಗಿಟ್ಟು ಶುದ್ಧ ಮಾಡಬಹುದು ಅಂತ 1980ರಲ್ಲಿ ತೋರಿಸಿದರು. ಆಮೇಲೆ 1991ರಿಂದ ಸ್ವಿಟ್ಜರ್ಲೆಂಡಿನ ಏವಾಗ್ ಅನ್ನುವ ನೀರಿನ ಸಂಶೋಧನಾ ಸಂಸ್ಥೆ ಇದರ ಮೇಲೆ ಕೆಲಸ ಮಾಡಿ ಬಹಳ ದೇಶಗಳಿಗೆ ಹಬ್ಬಿಸಿತು. ಸೋಡಿಸ್ ಅಂತ ಹೆಸರು. ಇದರಲ್ಲಿ ಬಿಸಿಗಿಂತ ಜಾಸ್ತಿ ಕೆಲಸ ಮಾಡುವುದು ಬಿಸಿಲಿನ ಅತಿನೇರಳೆ ಕಿರಣ. ನೀರು 50 ಡಿಗ್ರಿ ದಾಟಿದರೆ ಬಿಸಿ ಮತ್ತು ಕಿರಣ ಎರಡೂ ಸೇರಿ ಇನ್ನೂ ಬೇಗ ಆಗುತ್ತದೆ.

ಬಣ್ಣ ಇಲ್ಲದ, ಗೀರು ಬೀಳದ ಪೆಟ್ ಬಾಟಲಿ ತೆಗೆದುಕೊಳ್ಳಿ, ಒಂದು ಅಥವಾ ಎರಡು ಲೀಟರಿನದು, ಅದಕ್ಕಿಂತ ದೊಡ್ಡದು ಬೇಡ. ಲೇಬಲ್ ಕಿತ್ತು ತೊಳೆಯಿರಿ. ನೀರು ತುಂಬಿ ಮುಚ್ಚಳ ಹಾಕಿ ತಗಡಿನ ಮೇಲೆ ಅಡ್ಡ ಮಲಗಿಸಿ. ಚೆನ್ನಾಗಿ ಬಿಸಿಲಿದ್ದರೆ 6 ಗಂಟೆ, ಮೋಡ ಅರ್ಧಕ್ಕಿಂತ ಜಾಸ್ತಿ ಇದ್ದರೆ ಎರಡು ದಿನ. ಅದೇ ಬಾಟಲಿಯಿಂದಲೇ ಕುಡಿಯಿರಿ, ಬೇರೆ ಪಾತ್ರೆಗೆ ಸುರಿಯುವ ಗೋಜು ಬೇಡ. ನೀರು ಮಾತ್ರ ತಿಳಿಯಾಗಿರಬೇಕು. ತಿಳಿಯೋ ಅಲ್ಲವೋ ನೋಡಲು ತುಂಬಿದ ಬಾಟಲಿಯನ್ನು ಪೇಪರಿನ ಹೆಡ್‌ಲೈನ್ ಮೇಲೆ ನಿಲ್ಲಿಸಿ ಬಾಯಿಯಿಂದ ತಳಕ್ಕೆ ಇಣುಕಿ. ಅಕ್ಷರ ಓದಲು ಬಂದರೆ ಸರಿ. ಬರದಿದ್ದರೆ ರಾತ್ರಿ ಇಟ್ಟು ಕೆಸರು ಇಳಿಸಿ, ನಾಲ್ಕು ಮಡಿಕೆ ಮಾಡಿದ ಹಳೆಯ ಕಾಟನ್ ಸೀರೆಯಲ್ಲಿ ಸೋಸಿ. ಸೀರೆಯನ್ನು ಕಡೆಗಣಿಸಬೇಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಅನ್ನುವ ವಿಜ್ಞಾನಿಯ ತಂಡ ಇದನ್ನೇ ಮಾಡಿಸಿ ನೋಡಿತು, ಮಡಿಸಿದ ಹಳೆ ಸೀರೆಯಲ್ಲಿ ಸೋಸಿದ್ದಕ್ಕೇ ಕಾಲರಾ ಹೆಚ್ಚುಕಡಿಮೆ ಅರ್ಧ ಇಳಿಯಿತು. 2003ರಲ್ಲಿ ಪ್ರಕಟವಾಯಿತು.

ಪ್ಲಾಸ್ಟಿಕ್ ಬಿಸಿಲಿಗಿಟ್ಟರೆ ವಿಷ ಬಿಡುತ್ತದೆ ಅನ್ನುವ ವಾಟ್ಸಾಪ್ ಮೆಸೇಜು ನನಗೂ ಬಂದಿದೆ. ಪೆಟ್ ಬಾಟಲಿಗಳನ್ನು ಇಟ್ಟು ಪರೀಕ್ಷೆ ಮಾಡಿದ್ದಾರೆ, ನೀರಿಗಿಳಿಯುವ ಅಂಶ ಸುರಕ್ಷತೆಯ ಮಿತಿಗಿಂತ ಬಹಳ ಕೆಳಗಿದೆ. ಗೀರು ಬಿದ್ದು ಮಬ್ಬಾದ ಬಾಟಲಿ ಮಾತ್ರ ಬಿಸಾಕಿ, ಅದರಲ್ಲಿ ಕಿರಣ ಒಳಗೆ ಹೋಗುವುದಿಲ್ಲ. ಒಂದೊಂದೇ ವಾಚ್‌ಮನ್ ಸಂಸಾರ ಇರುವ ಚಿಕ್ಕ ಪ್ಲಾಟುಗಳಿಗೆ ಇದೇ ಸರಿ. ನೂರು ಜನರ ಕ್ಯಾಂಪಿಗೆ ಬಾಟಲಿ ಮಲಗಿಸುತ್ತಾ ಕೂರಲಾಗುವುದಿಲ್ಲ, ಅಲ್ಲಿಗೆ ಟ್ಯೂಬಿನ ಸಿಸ್ಟಮೇ ಬೇಕು. ಅದಕ್ಕೆ ಇನ್ನೊಂದು ಅನುಕೂಲವೂ ಇದೆ, ನೀರು ಸ್ವಲ್ಪ ರಾಡಿಯಾಗಿದ್ದರೂ ಬಿಸಿಗೆ ಲೆಕ್ಕವಿಲ್ಲ.

ಮಳೆಗಾಲದಲ್ಲಿ ಏನು ಮಾಡ್ತೀಯಪ್ಪಾ ಅಂತ ಕೇಳುವುದು ನ್ಯಾಯವೇ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಪುಣೆಯಲ್ಲಿ ಬಿಸಿಲನ್ನು ನಂಬುವ ಹಾಗಿಲ್ಲ, ನೀರಿನ ರೋಗ ಜಾಸ್ತಿ ಬರುವುದೂ ಅದೇ ನಾಲ್ಕು ತಿಂಗಳು. ಆಗ ಕ್ಲೋರಿನ್ ಹಾಕಿ. ಹಾಕಿ ಅರ್ಧ ಗಂಟೆ ಬಿಟ್ಟು ಓಟಿ ಟೆಸ್ಟ್ ಮಾಡಿ, ಅಂದರೆ ಆರ್ಥೊಟಾಲಿಡಿನ್ ದ್ರಾವಣದ ಹನಿ ಹಾಕಿ ನೋಡಿ, ನೀರು ಹಳದಿಯಾದರೆ ಕ್ಲೋರಿನ್ ಉಳಿದಿದೆ ಅಂತ. ಇಲ್ಲವೆಂದರೆ ಕ್ಯಾಂಪಿಗೆ ಒಂದು ದೊಡ್ಡ ಸಿಲಿಂಡರು, ಒಂದು ದೊಡ್ಡ ಒಲೆ ಕೊಟ್ಟು ಒಬ್ಬರಿಗೆ ಅದರದೇ ಕೂಲಿ ಕೊಡಿ. ಹಾಗಾದರೆ ವರ್ಷವಿಡೀ ಕ್ಲೋರಿನ್ನೇ ಹಾಕಬಹುದಲ್ಲ, ಸೋಲಾರ್ ಯಾಕೆ? ಹಾಕಬಹುದು, ನನ್ನ ತಕರಾರಿಲ್ಲ. ಆದರೆ ಅದನ್ನು ದಿನಾ ಅಳೆದು ಹಾಕುವವನು ಬೇಕು, ಅವನು ಊರಿಗೆ ಹೋದ ವಾರ ನಿಂತುಹೋಗುತ್ತದೆ, ರಾಡಿ ನೀರು ಕ್ಲೋರಿನ್ನನ್ನೇ ನುಂಗಿಬಿಡುತ್ತದೆ, ವಾಸನೆ ಬಂದರೆ ಜನ ಕುಡಿಯುವುದಿಲ್ಲ. ಅಕ್ಟೋಬರಿನಿಂದ ಮೇವರೆಗೆ ಎಂಟು ತಿಂಗಳು ಬಿಸಿಲು ಬಿದ್ದೇ ಬೀಳುತ್ತದೆ. ಅಷ್ಟನ್ನಾದರೂ ಬಿಡಬೇಡಿ.

ಬಿಸಿಲಿಗೆ ಆಗದ ಕೆಲಸವೂ ಇದೆ. ಉಪ್ಪು, ನೈಟ್ರೇಟ್, ಫ್ಲೋರೈಡ್, ಕಾರ್ಖಾನೆಯ ಕೆಮಿಕಲ್, ಇವು ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ಅದಕ್ಕೇ ಟ್ಯಾಂಕರಿನ ನೀರು ಎಲ್ಲಿಂದ ಬಂತು ಅಂತ ಚೀಟಿ ಕೇಳಿ ಅಂದದ್ದು. ಕೆಮಿಕಲ್ ಡ್ರಮ್ಮನ್ನೂ ಇವತ್ತೇ ಕ್ಯಾಂಪಿನಿಂದ ಹೊರಗೆ ಹಾಕಿ.

ನನಗೆ ಇದರಲ್ಲಿ ಲಾಭ ಇದೆ ಅಂತ ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ, ಸೋಲಾರ್ ಮಾರುವುದು ಕಂಪನಿ, ನನಗೆ ಬರುವುದು ಫಿಟಿಂಗ್ ಕೂಲಿ. ಕ್ಯಾಂಪಿನ ಸಿಸ್ಟಮಿಗೆ ಆ ಕೂಲಿಯೂ ಬೇಡ. ಸಿಂಹಗಡ ರೋಡಿನ ಸೈಟುಗಳಲ್ಲಿ ಯಾವ ಮುಕಾದಮ ಕರೆದರೂ ಭಾನುವಾರ ಬಂದು ಕೂರಿಸಿ, ವಾಲ್ವ್ ಬಂದ್ ಮಾಡುವುದು, ಥರ್ಮಾಮೀಟರ್ ನೋಡುವುದು ಕ್ಯಾಂಪಿನ ಇಬ್ಬರಿಗೆ ಕಲಿಸಿ ಹೋಗುತ್ತೇನೆ. ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಲಿ, ನೀರಿನ ಉಸಾಬರಿ ನೋಡುವವರು ಅವರೇ. ನಾನು ಬರುವಷ್ಟರಲ್ಲಿ ನೀವು ಮಾಡಿಡಬೇಕಾದ್ದು ಇಷ್ಟು: ನೆರಳಿಲ್ಲದ ಎರಡು ಮೀಟರ್ ಉದ್ದಗಲದ ಗಟ್ಟಿ ಜಾಗ, ಮುಕ್ಕಾಲು ಇಂಚಿನ ಒಂದು ನೀರಿನ ಲೈನು, ನಲ್ಲಿ ಇರುವ ನಾಲ್ಕು ಸ್ಟೀಲ್ ಜಾರು, ಮತ್ತು ಕನ್ನಡದಲ್ಲಿ ಬರೆಸಿದ ಒಂದು ಬೋರ್ಡು.

ಇಂತಿ,
ಇಂಡಿ ತಾಲೂಕಿನವನು, ಸದ್ಯ ಧಾಯರಿಯ ಒಬ್ಬ ಸೋಲಾರ್ ಫಿಟ್ಟರ್